ಹದಿನಾಲ್ಕನೇ ಕಂಬಕ್ಕೆ ನೀರು ಹಾಕಿದ್ದು ಯಾರು?

ನಾನು ಒಂದು ಕೋರು. ಹೆಸರು ಕೇಳಿ ಹುಬ್ಬು ಗಂಟಿಕ್ಕಬೇಡಿ, ಹೇಳುತ್ತೇನೆ. ಕಟ್ಟಿದ ಕಂಬ ಗಟ್ಟಿಯೋ ಜೊಳ್ಳೋ ಎಂದು ಅನುಮಾನ ಬಂದಾಗ ಅದರ ಮೈಯಿಂದ ಗುಂಡಗೆ ಒಂದು ತುಂಡು ಕೊರೆದು ತೆಗೆಯುತ್ತಾರೆ. ಅಂಗೈ ಅಗಲ, ಒಂದು ಗೇಣು ಉದ್ದ. ಅದನ್ನು ಲ್ಯಾಬಿಗೆ ಒಯ್ದು, ಯಂತ್ರದ ನಡುವೆ ನಿಲ್ಲಿಸಿ, ಒಡೆಯುವ ತನಕ ಅದುಮುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತು ಎಂದು ಬರೆದುಕೊಳ್ಳುತ್ತಾರೆ. ಒಡೆದು ಸಾಯುವುದೇ ಕಸುಬಾದವನು ಆತ್ಮಕಥೆ ಹೇಗೆ ಹೇಳುತ್ತಾನೆ ಅನ್ನುತ್ತೀರಾ? ನಾನು ಪೂರ್ತಿ ಸಾಯಲಿಲ್ಲ. ಅರ್ಧ ಉಳಿದಿದ್ದೇನೆ, ಬಾಯಿ ಆ ಅರ್ಧದಲ್ಲಿದೆ.

ನಾನು ಹುಟ್ಟಿದ್ದೇ ಹೊಡೆತದಲ್ಲಿ. ನನ್ನೊಳಗಿನ ಖಡಿ, ಅಂದರೆ ಜಲ್ಲಿಕಲ್ಲು, ಒಂದು ಕಾಲಕ್ಕೆ ಗುಡ್ಡವಾಗಿತ್ತು. ಮದ್ದು ತುಂಬಿ ಸಿಡಿಸಿದರು. ಕ್ರಷರಿನ ದವಡೆಗೆ ಹಾಕಿ ಅಗಿದರು. ಜರಡಿಗೆ ಹಾಕಿ ಕುಲುಕಿದರು. ಆಮೇಲೆ ಸಿಮೆಂಟು, ಮರಳು, ಹೊಗೆಯಷ್ಟು ನುಣ್ಣಗಿನ ಒಂದು ಬೂದಿ, ಜೇನಿನ ಬಣ್ಣದ ಒಂದು ಔಷಧಿ ಎಲ್ಲ ಸೇರಿಸಿ, ಡ್ರಮ್ಮಿನಲ್ಲಿ ಹಾಕಿ ತಲೆ ಸುತ್ತುವ ಹಾಗೆ ತಿರುಗಿಸಿದರು. ಹುಬ್ಬಳ್ಳಿಯ ಹೊರಗೆ ಹದಿನೆಂಟು ಮಹಡಿಯ ಒಂದು ಕಟ್ಟಡ ಏಳುತ್ತಿತ್ತು. ಅಷ್ಟೂ ಮಹಡಿಯ ಭಾರ ಕೆಳಗಿನ ಕಂಬಗಳ ಹೆಗಲ ಮೇಲೆ. ಹಾಗಾಗಿ ಆ ಕಂಬಗಳಿಗೆ ಸಾದಾ ಕಾಂಕ್ರೀಟು ನಡೆಯುವುದಿಲ್ಲ, ಅರವತ್ತರ ದರ್ಜೆಯವರೇ ಬೇಕು. ನಾವು ಅರವತ್ತರವರು. ಮನೆ ಕಟ್ಟುವ ಇಪ್ಪತ್ತರವರನ್ನು ಕಂಡರೆ ನಾವು ಮೂಗು ಮುರಿಯುತ್ತೇವೆ. ಜಂಬ ಅನ್ನಿ, ನನಗೇನೂ ಬೇಜಾರಿಲ್ಲ.

ಇಲ್ಲಿ ನೀರಿನ ವಿಷಯ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಲಸುವಾಗ ನಮಗೆ ನೀರು ವಿಷ. ಅಳತೆಗಿಂತ ಒಂದು ಬಕೆಟ್ ಹೆಚ್ಚು ಬಿತ್ತೋ, ಅರವತ್ತರವರು ನಲವತ್ತಕ್ಕೆ ಇಳಿಯುತ್ತೇವೆ. ಆದರೆ ಕಂಬವಾಗಿ ನಿಂತ ಮಾರನೇ ದಿನದಿಂದ ಅದೇ ನೀರು ನಮಗೆ ತಾಯಿಯ ಹಾಲು. ಮೈಗೆ ಗೋಣಿತಟ್ಟು ಸುತ್ತಿ, ದಿನಾ ತೋಯಿಸಿ, ಒಣಗದಂತೆ ನೋಡಿಕೊಂಡರೇನೇ ನಾವು ಗಟ್ಟಿಯಾಗುವುದು. ಮೊದಲನೆಯದು ಕಳ್ಳತನದ ಕೆಲಸ, ಎರಡನೆಯದು ತಾಯಿಯ ಕೆಲಸ. ದುರ್ದೈವ ನೋಡಿ, ಸೈಟಿನಲ್ಲಿ ಎರಡಕ್ಕೂ ಒಂದೇ ಮಾತು. ನೀರು ಹಾಕುವುದು.

ಚೈತ್ರದ ಒಂದು ಬೆಳಿಗ್ಗೆ ನಮ್ಮನ್ನು ಹದಿನಾಲ್ಕನೇ ಕಂಬದ ಪೆಟ್ಟಿಗೆಗೆ ಸುರಿದರು. ಮೇಲಿನಿಂದ ವೈಬ್ರೇಟರಿನ ಉದ್ದ ಕೊಳವೆ ಹೊಟ್ಟೆಯೊಳಗೆ ಇಳಿಸಿ ಗಡಗಡ ನಡುಗಿಸಿದರು. ಒಂದು ಹನಿ ನೀರು ಹೆಚ್ಚು ಬಿದ್ದಿರಲಿಲ್ಲ. ಅಲ್ಲಿದ್ದವನು ನಾನು, ನನ್ನಾಣೆ ನಂಬಿ. ಅದೇ ಲಾರಿಯ ಕಾಂಕ್ರೀಟನ್ನು ಆರು ಚೌಕ ಅಚ್ಚುಗಳಿಗೂ ತುಂಬಿದರು. ಅವಕ್ಕೆ ಕ್ಯೂಬು ಅನ್ನುತ್ತಾರೆ. ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು ಆಮೇಲೆ ಒಡೆದು ನೋಡುತ್ತಾರೆ. ಕಂಬ ಹೇಗಿದೆ ಅನ್ನುವುದನ್ನು ಅವು ಹೇಳಬೇಕು. ಆ ಆರು ಮಂದಿ ನನ್ನ ಒಡಹುಟ್ಟಿದವರು.

ಪೆಟ್ಟಿಗೆ ಬಿಚ್ಚಿದ ದಿನ ಮೊದಲು ಕಂಡ ಮುಖ ಹುಲಗಪ್ಪನದು. ಕುಷ್ಟಗಿ ಕಡೆಯವನು, ಐವತ್ತರ ಹತ್ತಿರ, ತೆಳ್ಳಗೆ ಉದ್ದಕ್ಕೆ, ತಲೆಗೆ ಕೆಂಪು ಟವೆಲ್ಲು. ಸೈಟಿನ ಅಷ್ಟೂ ಕಂಬಗಳಿಗೆ ಗೋಣಿ ಸುತ್ತಿ ನೀರು ಹಾಕುವುದೇ ಅವನ ಕೆಲಸ. ಬೇರೆಯವರು ಪೈಪು ಹಿಡಿದು ಬೀಡಿ ಸೇದುತ್ತ ನಿಲ್ಲುತ್ತಾರೆ. ಇವನು ಹಾಗಲ್ಲ. ಗೋಣಿ ಸರಿಸಿ ಕಂಬಕ್ಕೆ ಕೆನ್ನೆ ಹಚ್ಚಿ ನೋಡುವವನು. ಬಿಸಿ ಕಂಡರೆ, "ನೀರಡಿಕಿ ಆಗೇತೇನಪ್ಪಾ, ಕುಡೀ, ಹೊಟ್ಟಿ ತುಂಬ ಕುಡೀ" ಅನ್ನುತ್ತಿದ್ದ. ನನಗೆ ನಗು ಬರುತ್ತಿತ್ತು, ಅರವತ್ತರ ದರ್ಜೆಯವನಿಗೆ ಯಾರಾದರೂ ಕೂಸಿಗೆ ಮಾತಾಡಿದ ಹಾಗೆ ಮಾತಾಡುತ್ತಾರಾ ಅಂತ. ಆದರೂ ಆ ಕೆನ್ನೆ ಬಂದು ಹತ್ತುವುದನ್ನು ದಿನಾ ಕಾಯುತ್ತಿದ್ದೆ. ಅವನ ತಲೆಯ ಮಟ್ಟಕ್ಕೆ ಸರಿಯಾಗಿ ಇದ್ದವನು ನಾನೇ, ಹಾಗಾಗಿ ಕೆನ್ನೆ ನನಗೇ ಸಿಗುತ್ತಿತ್ತು.

ಅವನ ಹೆಂಡತಿ ದುರಗವ್ವ ಅದೇ ಸೈಟಿನಲ್ಲಿ ಬುಟ್ಟಿ ಹೊರುತ್ತಿದ್ದಳು. ಗಂಡ ಕಂಬದ ಜೊತೆ ಮಾತಾಡುವುದನ್ನು ನೋಡಿ, "ನನ್ನ ಕೂಡ ಹಿಂಗ ಒಂದಿನಾರ ಮಾತಾಡಿಯೇನ ಮಾರಾಯಾ?" ಎಂದು ಛೇಡಿಸುತ್ತಿದ್ದಳು. ಅವನು ನಕ್ಕು ಪೈಪನ್ನು ಅವಳ ಕಾಲಿನ ಕಡೆ ತಿರುಗಿಸುತ್ತಿದ್ದ.

ಮೂರನೇ ದಿನ ಮೇಲಿನ ಸ್ಲ್ಯಾಬಿಗೆ ಪೂಜೆ ಇತ್ತು. ಸೈಟಿನ ಮ್ಯಾನೇಜರ್ ಗುರುಪಾದ ಸೊಪ್ಪಿನ ಎಂಬ ಮನುಷ್ಯ. ದೊಡ್ಡ ಮೈ, ದೊಡ್ಡ ಧ್ವನಿ, ಎದುರು ಮಾತಾಡಿದವನನ್ನು ನಿಂತಲ್ಲೇ ಹರಿದು ಹಾಕುವ ಸಿಟ್ಟು. ಕಂಪನಿಯ ಮೇಲಿನವರು ಪೂಜೆಗೆ ಬರುತ್ತಾರೆ, ತಣ್ಣಗಿನ ಶರಬತ್ತಿನ ಬಾಟಲಿ ಬೇಕು, ಬರ್ಫ ಹಾಕಿಡುವುದಕ್ಕೆ ದೊಡ್ಡ ತೊಟ್ಟಿ ಎಲ್ಲಿದೆ? ಕ್ಯೂಬುಗಳ ತೊಟ್ಟಿ ನನ್ನ ಕಂಬದ ಎದುರಿಗೇ ಇತ್ತು. "ಆ ಕಲ್ಲೆಲ್ಲಾ ಹೊರಗ ತಗೀರಿ" ಎಂದ ಸೊಪ್ಪಿನ. ದುರಗವ್ವ ಮತ್ತು ಇನ್ನಿಬ್ಬರು ಹೆಂಗಸರು ನನ್ನ ಆರು ಒಡಹುಟ್ಟಿದವರನ್ನು ಎತ್ತಿ ಬಿಸಿಲಿಗೆ ಇಟ್ಟರು. ಪೂಜೆ ಮುಗಿಯಿತು, ಶರಬತ್ತು ಮುಗಿಯಿತು. ಕ್ಯೂಬುಗಳು ಇಟ್ಟಲ್ಲೇ ಉಳಿದವು. ಹುಬ್ಬಳ್ಳಿಯ ಆ ಬಿಸಿಲಲ್ಲಿ, ಇನ್ನೂ ಮೂರು ದಿನದ ಕೂಸುಗಳು, ಇಪ್ಪತ್ನಾಲ್ಕು ದಿನ ಒಣಗಿದವು. ಗೋಣಿಯ ಕಂಡಿಯಿಂದ ನಾನು ನೋಡುತ್ತಲೇ ಇದ್ದೆ. ಒಡೆಯುವ ಹಿಂದಿನ ದಿನ ಯಾರಿಗೋ ನೆನಪಾಗಿ ಮತ್ತೆ ತೊಟ್ಟಿಗೆ ತಳ್ಳಿದರು. ಸತ್ತವನ ಬಾಯಿಗೆ ನೀರು ಬಿಟ್ಟರೆ ಆದೀತೇ?

ಕ್ಯೂಬುಗಳು ನಲವತ್ತೇಳಕ್ಕೆ ಒಡೆದವು. ಬೇಕಿದ್ದದ್ದು ಅರವತ್ತು. ಮೇಲಿನವರು ಫೋನಿನಲ್ಲಿ ಸೊಪ್ಪಿನನ ಚರ್ಮ ಸುಲಿದರು. ಕಂಬಕ್ಕೆ ಯಾರೋ ನೀರು ಬೆರೆಸಿದ್ದಾರೆ, ಯಾರು ಎಂದು ಹುಡುಕು ಎಂದರು. ಅವನು ಕಾಗದ ಹಿಡಿದುಕೊಂಡು, ಇಬ್ಬರು ಸೆಕ್ಯೂರಿಟಿಯವರನ್ನು ಹಿಂದಿಟ್ಟುಕೊಂಡು, ಧುಮುಧುಮು ಎನ್ನುತ್ತ ಕೆಳಗಿಳಿದು ಬಂದ. ಎಲ್ಲರನ್ನೂ ನನ್ನ ಕಂಬದ ಮುಂದೆ ನಿಲ್ಲಿಸಿದ.

"ಈ ಕಾಲಮ್ಮಿಗೆ ನೀರ ಹಾಕಿದಾಂವ ಯಾವಾಂವಲೇ?"

ಹುಲಗಪ್ಪ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ಮುಂದೆ ಬಂದ. ಸಾಹೇಬರು ಕೆಲಸ ಮೆಚ್ಚಿಕೊಂಡು ಕೇಳುತ್ತಿದ್ದಾರೆ ಎಂದುಕೊಂಡನೋ ಏನೋ, ಮುಖದ ತುಂಬ ನಗು.

"ನಾನಽ ಹಾಕೀನ್ರಿ ಸಾಹೇಬ್ರ."

"ಎಷ್ಟ ಹಾಕಿದಿ?"

"ಕಮ್ಮಿ ಮಾಡಿಲ್ರಿ. ಬ್ಯಾರೇದವ್ರು ಒಮ್ಮೆ ಹಾಕಿದ್ರ ನಾ ಮೂರ ಸಲ ಹಾಕೀನಿ."

"ಯಾರ ಹೇಳಿದ್ರು ನಿನಗ?"

"ಯಾರ ಹೇಳಬೇಕ್ರಿ? ಇಪ್ಪತ್ತ ವರ್ಸಾತು, ಎಲ್ಲಿಗಿ ಹ್ವಾದ್ರೂ ನಾ ಹಾಕೂದಽ."

ಅಯ್ಯೋ ಹುಲಗಪ್ಪಾ! ಕಂಬದೊಳಗಿಂದ ನಾನು ಬಾಯಿ ಬಡಿದುಕೊಂಡೆ. ಯಾರಿಗೆ ಕೇಳಿಸಬೇಕು? ಸೊಪ್ಪಿನ ಪಕ್ಕದಲ್ಲಿ ಬಿದ್ದಿದ್ದ ಸೆಂಟ್ರಿಂಗಿನ ಮರದ ರೀಪು ಎತ್ತಿಕೊಂಡ. ಮೊದಲ ಏಟು ಹೆಗಲಿಗೆ. ಎರಡನೆಯದು ಬಾಯಿಗೆ. ಮೂರು ಹಲ್ಲು ನೆಲಕ್ಕೆ ಬಿದ್ದವು, ಖಡಿಯ ಚೂರುಗಳ ನಡುವೆ ಯಾವುದು ಹಲ್ಲು ಯಾವುದು ಖಡಿ ಎಂದು ತಿಳಿಯದ ಹಾಗೆ. ಹುಲಗಪ್ಪ ಕೈ ಅಡ್ಡ ಹಿಡಿದ. ಸೆಕ್ಯೂರಿಟಿಯವರು ಆ ಕೈಗಳನ್ನು ಹಿಂದಕ್ಕೆ ತಿರುಚಿದರು. ರೀಪು ಮುರಿಯಿತು. ಆಗ ಸೊಪ್ಪಿನ ಅವನ ಕೂದಲು ಹಿಡಿದು ತಲೆಯನ್ನು ಕಂಬಕ್ಕೆ ಬಡಿದ. ಒಮ್ಮೆ, ಎರಡು ಸಲ, ಮೂರು ಸಲ. ದಿನಾ ಕೆನ್ನೆ ಹಚ್ಚುತ್ತಿದ್ದ ಜಾಗಕ್ಕೇ, ನನ್ನ ಮುಖಕ್ಕೇ. ನಾನು ಗಟ್ಟಿ ಎಂದು ಇಷ್ಟು ದಿನ ಜಂಬಪಟ್ಟವನು. ಆವತ್ತು ಒಂದು ಗಳಿಗೆಯ ಮಟ್ಟಿಗಾದರೂ ಮೆತ್ತಗಿದ್ದಿದ್ದರೆ ಎಂದು ಮೊರೆಯಿಟ್ಟೆ. ಅವನ ಎಡಗಿವಿಯಿಂದ ರಕ್ತ ಇಳಿದು ನನ್ನ ಮೇಲೆ ಹರಿಯಿತು.

ದುರಗವ್ವ ಓಡಿ ಬಂದು ಗಂಡನನ್ನೂ ಕಂಬವನ್ನೂ ಸೇರಿಸಿ ತಬ್ಬಿಕೊಂಡಳು. ಸೆಕ್ಯೂರಿಟಿಯವರು ಎಳೆದ ರಭಸಕ್ಕೆ ಅವಳ ಬಳೆಗಳೆಲ್ಲ ನನ್ನ ಮೈಮೇಲೆ ಒಡೆದು ಉದುರಿದವು. ಯಾಕೆ ಹೊಡೆಯುತ್ತಿದ್ದಾರೆ ಎಂಬುದೇ ಅವರಿಬ್ಬರಿಗೂ ಗೊತ್ತಿರಲಿಲ್ಲ. "ನೀರ ಹಾಕಿದ್ದ ತಪ್ಪೇನ್ರೀ? ನೀರ ಹಾಕಿದ್ದ ತಪ್ಪೇನ್ರೀ?" ಎಂದು ಕೂಗುತ್ತಲೇ ಇದ್ದಳು. ಕೂಗಿದಷ್ಟೂ ಅದು ಒಪ್ಪಿಗೆಯಾಗಿ ಕೇಳಿಸುತ್ತಿತ್ತು.

ಸೊಪ್ಪಿನ ಏದುಸಿರು ಬಿಡುತ್ತ ಹೇಳಿದ: "ಕೋರ್ ತಗಿಸ್ತೀನಿ. ಕಾಲಮ್ಮು ಫೇಲ್ ಅಂತ ರಿಪೋರ್ಟ್ ಬಂದ ದಿನ ಈ ಮಗನ್ನ ಪೊಲೀಸರ ಕೈಯಾಗ ಕೊಡ್ತೀನಿ. ಹದಿನೆಂಟ ಮಹಡಿ ಬಿಲ್ಡಿಂಗ್ ಕೆಡವಾಕ ನೋಡ್ಯಾನ ಅಂತ ಕೇಸ್ ಹಾಕಸ್ತೀನಿ. ಅಲ್ಲಿಮಟ ಸಿಮೆಂಟ್ ಶೆಡ್ಡಿನ್ಯಾಗ ಬಿದ್ದಿರಲಿ." ಹುಲಗಪ್ಪನ ಫೋನು, ಆಧಾರ್ ಕಾರ್ಡು ಕಿತ್ತುಕೊಂಡರು. ಶೆಡ್ಡಿನ ಬಾಗಿಲಿಗೆ ಬೀಗ ಬಿತ್ತು.

ನಾಲ್ಕನೇ ದಿನ ಕೊರೆಯುವ ಯಂತ್ರ ಬಂತು. ಅದರ ಬಾಯಿ ಉಕ್ಕಿನ ಬಳೆ, ಅಂಚಿಗೆ ವಜ್ರದ ಹಲ್ಲು. ಅದು ತಿರುಗುವಾಗ ಮೇಲೆ ನೀರು ಬೀಳುತ್ತಿರಬೇಕು, ಇಲ್ಲದಿದ್ದರೆ ಸುಟ್ಟು ಹೋಗುತ್ತದೆ. ಸೊಪ್ಪಿನನ ಕ್ರೌರ್ಯ ನೋಡಿ, ಆ ನೀರು ಹಾಕುವುದಕ್ಕೆ ಶೆಡ್ಡಿನಿಂದ ಹುಲಗಪ್ಪನನ್ನೇ ಎಳೆಸಿ ತಂದ. "ಹಾಕಲೇ ನೀರ, ರೂಢಿ ಐತೆಲ್ಲ ನಿನಗ" ಎಂದ. ಹುಲಗಪ್ಪನ ದವಡೆ ಕುಂಬಳದಷ್ಟು ಊದಿತ್ತು. ಎಡಗಿವಿಗೆ ಏನೂ ಕೇಳಿಸುತ್ತಿರಲಿಲ್ಲ, ಕರೆದರೆ ಬಲಕ್ಕೆ ತಿರುಗುತ್ತಿದ್ದ. ಪೈಪು ಹಿಡಿದು ನಿಂತ.

ಕಂಬಕ್ಕೆ ಮೂರು ಕಡೆ ಗುಂಡಗೆ ಗೀಟು ಎಳೆದರು. ಮೊಣಕಾಲ ಮಟ್ಟಕ್ಕೆ ಒಂದು, ಸೊಂಟದ ಮಟ್ಟಕ್ಕೆ ಒಂದು, ತಲೆಯ ಮಟ್ಟಕ್ಕೆ ಒಂದು. ತಲೆಯ ಮಟ್ಟದ ಗೀಟು ರಕ್ತದ ಕಲೆಯ ಸುತ್ತಲೇ ಬಿತ್ತು. ಹೀಗೆ ನಾನು ಮೂರನೇ ಕೋರಾದೆ. ವಜ್ರದ ಹಲ್ಲು ಮೈಗೆ ತಾಗಿದಾಗಿನ ನೋವನ್ನು ಹೇಗೆ ಹೇಳಲಿ? ಸುತ್ತಲೂ ಚರ್ಮ ಸುಲಿದ ಹಾಗೆ. ಒಳಗಿನ ಖಡಿಗಳು ಒಂದೊಂದಾಗಿ ಎರಡು ಹೋಳಾದವು. ಕೆಸರು ನೀರು ಕಂಬದುದ್ದಕ್ಕೂ ಇಳಿಯಿತು. ಅರ್ಧ ಗಂಟೆ ಕೊರೆದು, ಕೊನೆಗೆ ಸಂದಿಗೆ ಉಳಿ ಹೊಗಿಸಿ ಸುತ್ತಿಗೆಯಿಂದ ಒಂದು ಏಟು ಕೊಟ್ಟು ಕಂಬದಿಂದ ನನ್ನನ್ನು ಮುರಿದು ಕಿತ್ತರು. ಹುಲಗಪ್ಪ ನನ್ನನ್ನು ಕೆಳಗೆ ಬೀಳಗೊಡಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡ. "ಬಾಳ ನೋವಾತೇನೋ?" ಎಂದು ತೊದಲಿದ. ತನ್ನ ಮುರಿದ ಬಾಯಿಯನ್ನು ಇಟ್ಟುಕೊಂಡು ನನ್ನ ನೋವು ಕೇಳಿದ ಪುಣ್ಯಾತ್ಮ. ಅಷ್ಟರಲ್ಲಿ ಸೆಕ್ಯೂರಿಟಿಯವನು ನನ್ನನ್ನು ಕಿತ್ತುಕೊಂಡು ಗೋಣಿಚೀಲಕ್ಕೆ ಎಸೆದ.

ಜೀಪು ಯಾವ ಲ್ಯಾಬಿಗೆ ಹೋಗುತ್ತದೆ ಎಂದು ದುರಗವ್ವ ಡ್ರೈವರನನ್ನು ಕೇಳಿ ತಿಳಿದುಕೊಂಡಳು. ಮಾರನೇ ಬೆಳಿಗ್ಗೆಯಿಂದ ಲ್ಯಾಬಿನ ಗೇಟಿನ ಹೊರಗೆ ಕುಳಿತುಬಿಟ್ಟಳು.

ಲ್ಯಾಬಿನಲ್ಲಿ ಯಂತ್ರ ನಡೆಸುವವಳು ರೇಷ್ಮಾ ನದಾಫ. ಮೂವತ್ತರ ಒಳಗಿನವಳು, ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ಕೆಲಸಕ್ಕೆ ಇಳಿಯುವವಳು. ಮೇಲಧಿಕಾರಿ ಇನಾಮದಾರ ಸರ್ ಎಂಬ ಮೆತ್ತನೆ ಮನುಷ್ಯ. ಅವರಿಗೆ ಯಾರ ಜೊತೆಗೂ ಜಗಳ ಬೇಡ. "ರೇಷ್ಮಾ, ಆ ಸೊಪ್ಪಿನ ನಿನ್ನೆಯಿಂದ ತಲಿ ತಿನ್ನಲಿಕ್ಕೆ ಹತ್ಯಾನ. ಮೂರೂ ಲಗೂನ ಒಡದು ಅಂಕಿ ಬರದು ಕಳಿಸಿಬಿಡು" ಎಂದರು.

ಲೆಕ್ಕ ಹೀಗಿದೆ. ಕಟ್ಟಡದಲ್ಲಿ ನಿಂತ ಕಾಂಕ್ರೀಟು ತೊಟ್ಟಿಯಲ್ಲಿ ಮಲಗಿದ ಕ್ಯೂಬಿನಷ್ಟು ಸುಖ ಕಂಡಿರುವುದಿಲ್ಲ, ಅದರ ಮೇಲೆ ಕೊರೆಯುವಾಗಲೂ ಮೈ ನೊಂದಿರುತ್ತದೆ. ಅದಕ್ಕೇ ಕೋರಿಗೆ ಪೂರ್ತಿ ಅರವತ್ತು ಬೇಕಿಲ್ಲ. ನಮ್ಮ ಗುಂಡು ಮೈಯ ಅಂಕಿಯನ್ನು ಚೌಕದ ಕ್ಯೂಬಿನ ಲೆಕ್ಕಕ್ಕೆ ತಿರುಗಿಸಿದ ಮೇಲೆ ಮೂವರ ಸರಾಸರಿ ಐವತ್ತೊಂದು ದಾಟಬೇಕು. ಮೂವರಲ್ಲಿ ಒಬ್ಬನೂ ನಲವತ್ತೈದಕ್ಕಿಂತ ಕೆಳಗೆ ಬರಬಾರದು. ಒಬ್ಬ ಸೋತರೂ ಕಂಬ ಫೇಲು, ಹುಲಗಪ್ಪ ಜೈಲು.

ಮೊದಲು ಮೊಣಕಾಲ ಮಟ್ಟದ ಅಣ್ಣನನ್ನು ಎತ್ತಿದರು. ತಲೆಯೂ ಕಾಲೂ ಸಮ ಇರಲಿ ಎಂದು ಎರಡೂ ತುದಿಗೆ ಕರಗಿಸಿದ ಗಂಧಕ ಹೊಯ್ದು ಹಳದಿ ಟೊಪ್ಪಿಗೆ ಕಟ್ಟಿದರು. ಅವಸರದ ಕೆಲಸ, ದಿನಾ ಮಾಡುವ ಕೆಲಸ. ಉಕ್ಕಿನ ತಟ್ಟೆ ಇಳಿಯಿತು. ಅಂಕಿ ಏರಿತು. ಢಬ್ ಎಂದು ಒಡೆದ. ನಲವತ್ತೆರಡು!

ಇನಾಮದಾರ ಸರ್ ಲೊಚಗುಟ್ಟಿ, "ಮುಗೀತು ಬಿಡು, ಫೇಲ್ ಅಂತ ಬರಿ" ಎಂದರು. ರೇಷ್ಮಾ ಬರೆಯಲಿಲ್ಲ. ತಟ್ಟೆಯ ಮೇಲೆ ಬೆರಳು ಆಡಿಸಿದಳು. ಬೆರಳ ತುಂಬ ಹಳದಿ ಪುಡಿ.

"ಸರ್, ಮೊದಲ ಒಡದದ್ದು ಕೋರ್ ಅಲ್ರಿ, ಟೊಪ್ಪಿಗಿ. ಇಪ್ಪತ್ತು ಮೂವತ್ತರ ಕಾಂಕ್ರೀಟಿಗೆ ಗಂಧಕ ತಡೀತೈತಿ. ಅರವತ್ತಕ್ಕ ಇದು ತಡಿಯೂದಿಲ್ರಿ. ಟೊಪ್ಪಿಗಿ ಪುಡಿಯಾಗಿ ಭಾರ ಒಂದಽ ಬಾಜು ಬಿದ್ದೈತಿ."

"ಅದೆಲ್ಲಾ ಬ್ಯಾಡವಾ."

"ಇನ್ನೊಂದ ನೋಡ್ರಿ. ಇದು ಕಾಲಮ್ಮಿನ ತಳದ್ದು. ಹಾಕಿದಾಗ ಭಾರ ಎಲ್ಲಾ ಕೆಳಗ ಕುಂತು, ನೀರು ಮ್ಯಾಲ ಬರ್ತೈತಿ. ತಳದ್ದಽ ಮೂರರಾಗ ಗಟ್ಟಿ ಇರಬೇಕು. ಅದಽ ನಲವತ್ತೆರಡು ಅಂದ್ರ ನಾ ಹೆಂಗ ನಂಬ್ಲಿ?"

ಭೇಷ್ ಮಗಳೇ ಎಂದುಕೊಂಡೆ. ಅಂಕಿ ಬರೆಯುವವರು ಬೇಕಾದಷ್ಟು ಮಂದಿ, ಅಂಕಿಯನ್ನು ಗದರಿಸಿ ಕೇಳುವವಳು ಇವಳೊಬ್ಬಳು. ಉಳಿದವರನ್ನು ಟೊಪ್ಪಿಗೆಯಿಲ್ಲದೆ, ತುದಿಗಳನ್ನು ಸಾಣೆ ಹಿಡಿದು ಕನ್ನಡಿಯಂತೆ ಸಮ ಮಾಡಿಯೇ ಒಡೆಯುವುದು ಎಂದು ಹಟ ಹಿಡಿದಳು. ಅದಕ್ಕೆ ಎರಡು ದಿನ ಬೇಕು. ಇನಾಮದಾರ ಸರ್ ಹಣೆ ಚಚ್ಚಿಕೊಂಡು ಒಳಗೆ ಹೋದರು.

ಮಧ್ಯಾಹ್ನ ಬುತ್ತಿ ತಿನ್ನಲು ಹೊರಗೆ ಬಂದ ರೇಷ್ಮಾ ಗೇಟಿನ ಬಳಿ ಕುಳಿತ ದುರಗವ್ವನನ್ನು ನೋಡಿ, "ಯಾರ ಬೇಕಿತ್ತಕ್ಕಾ?" ಎಂದಳು. ನಾನು ಕಿಟಕಿಯ ಕಟ್ಟೆಯ ಮೇಲಿದ್ದೆ. ದುರಗವ್ವ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಮತ್ತೆ ಅದೇ ಮಾತು: "ನಮ್ಮನಿಯಾಂವ ನೀರ ಹಾಕ್ಯಾನ್ರೀ ಯವ್ವಾ, ಇಲ್ಲ ಅನ್ನೂದಿಲ್ಲ. ನೀರ ಹಾಕಿದ್ದಕ್ಕ ಹಲ್ಲ ಉದುರಸ್ತಾರೇನ್ರೀ?"

ರೇಷ್ಮಾಳ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಇಷ್ಟು ದಿನ ಇಷ್ಟು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆಯನ್ನು ಅವಳು ಕೇಳಿದಳು.

"ಯಾವ ನೀರು?"

"ಯಾವ ನೀರಂದ್ರ? ಗೋಣಿಗ್ರೀ. ಗೋಣಿ ಒಣಗಬಾರದಲ್ರೀ?"

"ಯಾ ಅಲ್ಲಾ!" ಎಂದು ರೇಷ್ಮಾ ಹಣೆಗೆ ಕೈ ಹಚ್ಚಿಕೊಂಡಳು. ಆಮೇಲೆ ಕ್ಯೂಬುಗಳ ವಿಷಯ ಕೇಳಿದಳು. ಶರಬತ್ತಿನ ತೊಟ್ಟಿಯ ಕಥೆ, ಬಿಸಿಲಿಗಿಟ್ಟ ಆರು ಕಲ್ಲಿನ ಕಥೆ ದುರಗವ್ವನ ಬಾಯಿಂದಲೇ ಬಂತು. ತಾನು ಹೇಳಿದ್ದು ಏನು ಎಂಬುದು ಆ ಹೆಣ್ಣಿಗೆ ಗೊತ್ತಾಗಲೇ ಇಲ್ಲ. "ನಾನಽ ಎತ್ತಿಟ್ಟಿನ್ರೀ, ಬಾಳ ವಜ್ಜಿ ಇದ್ದುವು" ಎಂದಳು ಅಷ್ಟೇ.

ಸಾಣೆ ಕಲ್ಲು ನನ್ನ ಎರಡೂ ತುದಿಯನ್ನು ಕಿರುಗುಟ್ಟಿಸುತ್ತ ತಿಂದಿತು. ನನ್ನ ಮುಖದ ಮೇಲಿದ್ದ ಹುಲಗಪ್ಪನ ರಕ್ತವೂ ಅದರ ಜೊತೆ ಪುಡಿಯಾಗಿ ಹೋಯಿತು. ಅದೊಂದು ಉಳಿಯಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಒಡೆಯುವ ದಿನ ಸೊಪ್ಪಿನ ತಾನೇ ಬಂದ. ಅಷ್ಟರಲ್ಲಿ ರೇಷ್ಮಾ ಫೋನಿನಲ್ಲಿ ಕ್ಯೂಬಿನ ತೊಟ್ಟಿಯ ಬಗ್ಗೆ ಅವನನ್ನು ಎರಡು ಮಾತು ಕೇಳಿದ್ದಳು. ಕಂಬ ಪಾಸಾದರೆ ಬೆರಳು ತನ್ನ ಕಡೆಗೆ ತಿರುಗುತ್ತದೆ ಎಂಬುದು ಅವನಿಗೆ ತಿಳಿದುಹೋಗಿತ್ತು. ಬಂದವನೇ ಮೇಜು ಗುದ್ದಿ, "ಮೊದಲನೇದು ನಲವತ್ತೆರಡು ಬಂದೈತೆಲ್ಲ, ಬರದು ಕೊಡಾಕ ನಿಮಗೇನ ಧಾಡಿ?" ಎಂದ.

ಮೊಣಕಾಲ ಮಟ್ಟದ ಅಣ್ಣನನ್ನು ಉದ್ದಕ್ಕೇ ಕೊರೆದಿದ್ದರು, ಅವನದೇ ಹಿಂದಿನ ಇನ್ನೊಂದು ಗೇಣು ಉಳಿದಿತ್ತು. ಸಾಣೆ ಹಿಡಿದ ಆ ತುಂಡನ್ನು ರೇಷ್ಮಾ ಯಂತ್ರಕ್ಕೆ ಇಟ್ಟಳು. ಐವತ್ತೊಂಬತ್ತಕ್ಕೆ ಒಡೆದ. ಲ್ಯಾಬಿನ ಗಾಜುಗಳು ಝಣ್ ಎಂದವು. ಗಟ್ಟಿ ಕಾಂಕ್ರೀಟು ಮೆತ್ತಗೆ ಕುಸಿಯುವುದಿಲ್ಲ ಸ್ವಾಮೀ, ಕೊನೆಯ ಗಳಿಗೆಯ ತನಕ ನೆಟ್ಟಗೆ ನಿಂತು ಆಮೇಲೆ ಬಾಂಬಿನ ಹಾಗೆ ಸಿಡಿಯುತ್ತದೆ. ಸೊಂಟದ ಮಟ್ಟದವನು ಐವತ್ತೇಳಕ್ಕೆ ಸಿಡಿದ. ಉಳಿದವನು ನಾನು.

"ಮ್ಯಾಲಿಂದು ಮೆತ್ತಗ ಇರ್ತೈತಿ ಅಂತ ನೀನಽ ಅಂದಿ ಅಂತಲ್ಲ, ಇನಾಮದಾರ್ರು ಹೇಳಿದ್ರು. ಇದು ನಲವತ್ತೈದಕ್ಕಿಂತ ಕೆಳಗ ಬಂದ್ರ?" ಎಂದ ಸೊಪ್ಪಿನ.

"ಬಂದ್ರ ಫೇಲ್ ಅಂತಽ ಬರೀತೀನ್ರಿ" ಎಂದಳು ರೇಷ್ಮಾ.

ಸುಳ್ಳು ಹೇಳುವುದಿಲ್ಲ, ನನಗೆ ಹೆದರಿಕೆಯಾಯಿತು. ನಾನು ತಲೆಯ ಮಟ್ಟದವನು, ಮೂವರಲ್ಲಿ ಮೆತ್ತನೆಯವನು. ಮೂರು ಸಲ ಬಡಿಸಿಕೊಂಡವನು ಬೇರೆ. ತಟ್ಟೆ ತಲೆಯ ಮೇಲೆ ಕುಳಿತಿತು. ಇಪ್ಪತ್ತು, ಮೂವತ್ತು. ಮೈಯೊಳಗಿನ ಒಂದೊಂದು ಖಡಿಯೂ ಹಲ್ಲು ಕಡಿಯಿತು. ನಲವತ್ತು. ಎಲ್ಲೋ ಒಂದು ಕೂದಲೆಳೆಯ ಬಿರುಕು ಚಿಟ್ ಎಂದಿತು. ಆ ಕೆನ್ನೆ ನೆನಪಾಯಿತು, ದಿನಕ್ಕೆ ಮೂರು ಸಲ ಕುಡಿಸಿದ ನೀರು ನೆನಪಾಯಿತು. ಕುಡಿದ ಋಣ ಇದೆ ಕಣೋ, ಈಗ ಕೈ ಬಿಡಬೇಡ ಎಂದು ನನಗೆ ನಾನೇ ಬೈದುಕೊಂಡೆ. ನಲವತ್ತಾರು. ನಲವತ್ತೊಂಬತ್ತು.

ಸೊಪ್ಪಿನನಿಗೆ ತಡೆಯಲಾಗಲಿಲ್ಲ. ಯಂತ್ರದ ಮುಂದಿನ ಕಬ್ಬಿಣದ ಜಾಲರಿ ಬಾಗಿಲನ್ನು ಸರಕ್ಕನೆ ಎಳೆದು ಮುಖ ಒಳಗೆ ತಂದ, ಯಾವಾಗ ಬಿರಿಯುತ್ತಾನೆ ನೋಡುತ್ತೇನೆ ಎನ್ನುವ ಹಾಗೆ. "ಸರ್, ಬಾಗಲಾ ಹಾಕ್ರೀ!" ಎಂದು ರೇಷ್ಮಾ ಚೀರಿದಳು. ಐವತ್ನಾಲ್ಕು. ನಾನು ಸಿಡಿದೆ.

ಬೇಕೆಂದೇ ಹೊಡೆದೆನಾ ಎಂದು ಕೇಳಬೇಡಿ. ಕಲ್ಲಿಗೆ ಗುರಿ ಇರುವುದಿಲ್ಲ. ಆದರೆ ನನ್ನ ಪಕ್ಕೆಯ ಒಂದು ಚೂರು ಹೋಗಿ ಅವನ ಎಡ ಹುಬ್ಬನ್ನು ಮೂಳೆ ಕಾಣುವಂತೆ ಸೀಳಿತು, ನನಗೆ ಒಂದಿಷ್ಟೂ ಕನಿಕರ ಬರಲಿಲ್ಲ. ಅವನು ಮುಖ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಹೊರಳಿದ. ಇನಾಮದಾರ ಸರ್ ತಮ್ಮ ಕಾರಿನಲ್ಲೇ ಅವನನ್ನು ಆಸ್ಪತ್ರೆಗೆ ಓಡಿಸಿಕೊಂಡು ಹೋದರು. ಗೇಟಿನಲ್ಲಿ ಕುಳಿತಿದ್ದ ದುರಗವ್ವ ಅವನ ರಕ್ತ ನೋಡಿ, "ಅಯ್ಯ ಶಿವನ!" ಎಂದು ತನ್ನ ಸೆರಗನ್ನೇ ಹರಿದು ಕೊಡಲು ಹೋದಳಂತೆ. ಇದನ್ನು ಕೇಳಿ ನನಗೆ ಸಿಟ್ಟು ಬಂದದ್ದು ಅವಳ ಮೇಲೆ.

ರೇಷ್ಮಾ ರಿಪೋರ್ಟ್ ಬರೆದಳು. ಕಂಬ ಪಾಸು. ಮೊದಲ ಕೋರಿನ ಅಂಕಿ ಟೊಪ್ಪಿಗೆಯ ದೋಷ, ಲೆಕ್ಕಕ್ಕಿಲ್ಲ. ಕ್ಯೂಬುಗಳು ನೀರಿಲ್ಲದೆ ಒಣಗಿದವು. ಕೆಳಗೆ ಒಂದು ಸಾಲು ಸೇರಿಸಿದಳು: ಕಂಬಕ್ಕೆ ನೀರು ಚೆನ್ನಾಗಿ ಹಾಕಲಾಗಿದೆ. ಆ ಸಾಲನ್ನು ಎರಡು ಸಲ ಓದಿ ಇನಾಮದಾರ ಸರ್ ಸಹಿ ಹಾಕಿದರು.

ಶೆಡ್ಡಿನ ಬೀಗ ತೆಗೆದರು. ಫೋನು, ಕಾರ್ಡು ಕೈಗೆ ಕೊಟ್ಟು "ಹೋಗು" ಎಂದರು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಸೊಪ್ಪಿನನ ಹುಬ್ಬಿಗೆ ಏಳು ಹೊಲಿಗೆ ಬಿದ್ದವು, ಅವನನ್ನು ಬೇರೆ ಸೈಟಿಗೆ ಕಳಿಸಿದರು. ಹುಲಗಪ್ಪನ ಹಲ್ಲು ಬರಲಿಲ್ಲ, ಕಿವಿಯೂ ಬರಲಿಲ್ಲ. ಕಂಬದ ತೂತುಗಳಿಗೆ ಸಿಮೆಂಟಿನ ಮಸಾಲೆ ತುಂಬಿ ಸಪಾಟು ಮಾಡಿದರು. ಅಲ್ಲಿ ಏನು ನಡೆಯಿತು ಎನ್ನುವ ಗುರುತೂ ಈಗ ಸಿಗುವುದಿಲ್ಲ.

ಲ್ಯಾಬಿನ ಹಿಂದೆ ಒಡೆದ ಕೋರುಗಳ ಗುಡ್ಡೆ ಇದೆ. ನಾನೂ ಅಲ್ಲೇ ಬೀಳಬೇಕಿತ್ತು. ರೇಷ್ಮಾ ನನ್ನ ಉಳಿದ ಅರ್ಧವನ್ನು, ಬುಡ ಅಗಲ ತಲೆ ಚೂಪಾದ ತುಂಡನ್ನು, ದುರಗವ್ವನ ಕೈಗೆ ಕೊಟ್ಟು, "ತಗೋ ಅಕ್ಕಾ, ನಿನ್ನ ಗಂಡನ ಕಡಿಂದ ಸಾಕ್ಷಿ ಹೇಳಿದ್ದು ಇದು" ಎಂದಳು. ದುರಗವ್ವ ನನ್ನನ್ನು ಕಣ್ಣಿಗೆ ಒತ್ತಿಕೊಂಡು ಗಂಟಿನಲ್ಲಿ ಕಟ್ಟಿಕೊಂಡಳು.

ಈಗ ನಾವು ಮೂವರೂ ಧಾರವಾಡ ರಸ್ತೆಯ ಇನ್ನೊಂದು ಸೈಟಿನಲ್ಲಿದ್ದೇವೆ. ನೀರಿನ ಬ್ಯಾರಲ್ಲಿನ ಮುಚ್ಚಳ ಗಾಳಿಗೆ ಹಾರದಂತೆ ಅದರ ಮೇಲೆ ಕೂರುವುದು ನನ್ನ ಕೆಲಸ. ಅರವತ್ತರ ದರ್ಜೆಯವನಿಗೆ ಇದೆಂಥ ಕೆಲಸ ಎಂದು ಮೊದಮೊದಲು ಮುನಿಸಿ ಕೂತೆ, ಈಗ ರೂಢಿಯಾಗಿದೆ. ಇಲ್ಲಿ ಕುಳಿತು ಯೋಚಿಸುತ್ತೇನೆ. ನನಗಾದರೆ ಇಷ್ಟು ತಡೆದೆ ಎಂದು ಹೇಳಲು ಯಂತ್ರವಿತ್ತು, ಅಂಕಿ ಓದಲು ರೇಷ್ಮಾ ಇದ್ದಳು. ಹುಲಗಪ್ಪ ಎಷ್ಟು ತಡೆದ, ಒಳಗೆ ಎಲ್ಲಿ ಬಿರಿದ ಎಂದು ಯಾರು ನೋಡಿದರು? ಹೊರಗೆ ಅವನು ಮೊದಲಿನಂತೆಯೇ ಕಾಣುತ್ತಾನೆ. ಗೋಣಿ ಸುತ್ತುತ್ತಾನೆ, ಮೂರು ಹೊತ್ತು ತೋಯಿಸುತ್ತಾನೆ. ಕಂಬಗಳ ಜೊತೆ ಮಾತ್ರ ಮಾತಾಡುವುದಿಲ್ಲ.

ನಿನ್ನೆ ಇಲ್ಲಿನ ಎಂಜಿನಿಯರ್ ಬಂದಿದ್ದರು. ಒಳ್ಳೆಯ ಮನುಷ್ಯ, ಕೂಲಿಯವರನ್ನೂ ಹೆಸರು ಹಿಡಿದು ಕರೆಯುವವರು. ಹುಲಗಪ್ಪ ಒಂದು ಕಂಬಕ್ಕೆ ನೀರು ಬಿಡುತ್ತಿದ್ದ. ಗೋಣಿಯಿಂದ ತೊಟತೊಟ ಇಳಿಯುತ್ತಿತ್ತು. ಅವರು ಅವನ ಬಲಗಡೆಗೆ ಬಂದು ನಿಂತು ಪ್ರೀತಿಯಿಂದಲೇ ಕೇಳಿದರು:

"ಹುಲಗಪ್ಪಾ, ಈ ಕಾಲಮ್ಮಿಗೆ ನೀರ ಹಾಕೀಯೇನಪಾ?"

ಹುಲಗಪ್ಪನ ಮುಖ ಸುಣ್ಣವಾಯಿತು.

"ಇಲ್ರೀ ಸಾಹೇಬ್ರ. ನಾ ಹಾಕಿಲ್ರೀ. ದೇವರಾಣಿ ನಾ ಹಾಕಿಲ್ರೀ."

ಎನ್ನುತ್ತ ಪೈಪನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ನೀರು ಅವನ ಧೋತರ ತೋಯಿಸಿ, ಕಾಲ ಮೇಲಿಂದ ಇಳಿದು, ನಾನಿರುವ ಬ್ಯಾರಲ್ಲಿನ ಬುಡದವರೆಗೂ ಹರಿದು ಬಂತು.